ಅನೀಸನ ಹೆಸರಿನ ಕೆಳಗಿದ್ದ ಹುಡುಗಿ

ಐನ್ ಸಫ್ಸಾಫ್, ಶೂಫ್ ಬೆಟ್ಟ
ಮಂಗಳವಾರ, ೯ ಅಕ್ಟೋಬರ್ ೨೦೧೮

ಪ್ರೀತಿಯ ಶಕೀಬಣ್ಣನಿಗೆ,

ನಿನ್ನ ಮಂಡಿನೋವು ಹೇಗಿದೆ? ಅತ್ತಿಗೆಯ ಸಕ್ಕರೆ ಹತೋಟಿಗೆ ಬಂತೇ? ಕರಾಕಸ್ಸಿನಲ್ಲಿ ಔಷಧಿಗೂ ಪರದಾಟವೆಂದು ಕೇಳಿದಾಗಿನಿಂದ ನನಗೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿಲ್ಲ. ನಾವೆಲ್ಲ ಚೆನ್ನಾಗಿದ್ದೇವೆ. ಈ ಸಲ ಆಲಿವ್ ಕೊಂಬೆ ಬಗ್ಗುವಷ್ಟು ಕಾಯಿ ಬಿಟ್ಟಿದೆ. ಫೋನಿನಲ್ಲಿ ಹೇಳಹೊರಟರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಅಳುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಮಗಳು ಲಮಾ ಇದರ ಫೋಟೊ ತೆಗೆದು ಕಳಿಸುತ್ತಾಳೆ. ಕೂತುಕೊಂಡು ಓದು.

ಅಪ್ಪ ಕೊನೆಯ ವರ್ಷಗಳಲ್ಲಿ ಆ ಹಳೇ ಕಂಪ್ಯೂಟರಿನ ಮುಂದೆ ಕೂತು ನಮ್ಮ ವಂಶವೃಕ್ಷ ಕೂಡಿಸುತ್ತಿದ್ದದ್ದು ನಿನಗೆ ಗೊತ್ತಲ್ಲ. ಆ ಸಾಫ್ಟ್‌ವೇರ್ ಮಾಡಿದ ಕಂಪನಿ ಎಂದೋ ಬಾಗಿಲು ಹಾಕಿದೆಯಂತೆ. ಹೊಸ ಕಂಪ್ಯೂಟರಿನಲ್ಲಿ ಅದು ತೆರೆಯುವುದೇ ಇಲ್ಲ. ಅಪ್ಪ ಹೋದ ಮೇಲೆ ಲಮಾ ಹಟ ಹಿಡಿದಳು: “ಅಜ್ಜ ಬರೆದಿದ್ದು ಹಾಳಾಗ್ಬಾರ್ದು ಅಮ್ಮಾ.” ಹೊಸ ಯಂತ್ರಕ್ಕೆ ಹಳೇ ಯಂತ್ರದ ವೇಷ ಹಾಕಿ ಹೇಗೋ ತೆರೆದಳು. ನೋಡಿದರೆ ಹೆಸರುಗಳ ಜಾಗದಲ್ಲೆಲ್ಲ ಬರೀ ಚೌಕಗಳು. ಅರಬ್ಬಿ ಅಕ್ಷರಗಳನ್ನು ಆ ಕಾಲದಲ್ಲಿ ಬೇರೆ ಸಂಕೇತಗಳಲ್ಲಿ ಕೂಡಿಡುತ್ತಿದ್ದರಂತೆ. ಅವಳು ಒಂದಾದ ಮೇಲೊಂದು ಸಂಕೇತ ಹಚ್ಚಿ ನೋಡುತ್ತಿದ್ದಳು, ನಾನು ಪಕ್ಕದಲ್ಲಿ ಬದನೆಕಾಯಿಗೆ ಹೂರಣ ತುಂಬುತ್ತಿದ್ದೆ. ಇದ್ದಕ್ಕಿದ್ದಂತೆ ಮುತ್ತಜ್ಜನ ಹೆಸರು ಮೂಡಿತು. ಆಮೇಲೆ ಅಜ್ಜಿ, ದೊಡ್ಡಮ್ಮ, ಅಮ್ಮ. ಸತ್ತವರೆಲ್ಲ ಒಬ್ಬೊಬ್ಬರಾಗಿ ಬಂದು ಹೊಸ್ತಿಲಲ್ಲಿ ನಿಂತ ಹಾಗಾಯಿತು.

ಆಮೇಲೆ ನಮ್ಮ ತಮ್ಮ ಅನೀಸ್. “ಅಮ್ಮಾ, ಅನೀಸ್ ಮಾಮನಿಗೆ ಮದುವೆ ಆಗಿತ್ತಾ?” ಎಂದಳು ಲಮಾ. “ಹತ್ತೊಂಬತ್ತರ ಹುಡುಗನಿಗೆ ಎಂಥ ಮದುವೆ? ಮೀಸೆಯೇ ನೆಟ್ಟಗೆ ಬಂದಿರ್ಲಿಲ್ಲ” ಎಂದೆ. “ಮತ್ತೆ ಈ ಮಗಳು ಎಲ್ಲಿಂದ ಬಂದ್ಲು?” ಅವನ ಹೆಸರಿನ ಕೆಳಗಿತ್ತು: ದತ್ತುಮಗಳು ಹಿಯಾಮ್, ಊರು ರಶಾಯಾ. ಯುದ್ಧದ ವರ್ಷ ಮನೆಯಿಂದ ಹೊರಟ ಅನೀಸ್ ತಿರುಗಿ ಬರಲಿಲ್ಲ. ಅವನು ಸತ್ತ ಎನ್ನಲು ಅಮ್ಮ ತನ್ನ ಕೊನೆಯುಸಿರಿನವರೆಗೂ ಯಾರಿಗೂ ಬಿಡಲಿಲ್ಲ. ಆದರೆ ಅಪ್ಪ ಅವನ ಸಾವಿನ ದಿನ ಬರೆದಿಟ್ಟಿದ್ದರು. ಹಿಯಾಮ್ ಹುಟ್ಟಿದ್ದೂ ಅದೇ ದಿನ. ನಾವು ದ್ರೂಸರು, ನಿನಗೆ ಬಿಡಿಸಿ ಹೇಳಬೇಕೇ? ಇಲ್ಲಿ ಉಸಿರು ನಿಂತ ಗಳಿಗೆಯಲ್ಲೇ ಅದೇ ಜೀವಕ್ಕೆ ಇನ್ನೆಲ್ಲೋ ತೊಟ್ಟಿಲು ತೂಗುತ್ತದೆ. ಜೀವ ಹೋದಲ್ಲಿಗೆ ಗೆರೆ ಎಳೆಯುವ ಜಾಗ ಆ ಸಾಫ್ಟ್‌ವೇರಿನಲ್ಲಿರಲಿಲ್ಲ. ಅಪ್ಪ ‘ದತ್ತು’ ಎಂದು ಬರೆದು ಸಂಬಂಧ ಕಟ್ಟಿದ್ದರು.

ಭಾನುವಾರ ರಶಾಯಾಕ್ಕೆ ಹೋದೆವು. ಹಿಯಾಮ್ ಈಗ ಮಕ್ಕಳೊಂದಿಗಳು, ಬಾಯಿಯೂ ಜೋರು. ಬಾಗಿಲಲ್ಲೇ, “ಬರ್ತೀರಿ ಅಂತ ಗೊತ್ತಿತ್ತು ಅಕ್ಕ. ಇಷ್ಟು ತಡ ಮಾಡ್ತೀರಿ ಅಂತ ಗೊತ್ತಿರ್ಲಿಲ್ಲ” ಎಂದಳು. ನಿಂಬೆಸಿಪ್ಪೆಯಲ್ಲಿ ಹೀರುವ ಕೊಳವೆ ಒರೆಸಿ, ಬಿಸಿ ಮತೆ ಚಹಾದ ಸೋರೆಬುರುಡೆ ನನ್ನ ಕೈಗಿಟ್ಟಳು. ಮಾತು ಬಂದಾಗಿನಿಂದ ‘ನಾನು ಐನ್ ಸಫ್ಸಾಫಿನ ಅನೀಸ್’ ಎನ್ನುತ್ತಿದ್ದಳಂತೆ. ಸುದ್ದಿ ಮುಟ್ಟಿ ನಮ್ಮಪ್ಪ ಅವಳನ್ನು ನೋಡಲು ಹೋದಾಗ ಅವಳ ತಾಯಿ ಆಣೆ ಹಾಕಿಸಿಕೊಂಡಳಂತೆ: “ನಿಮ್ಮ ಹೆಂಡ್ತಿಗೆ ಹೇಳ್ಬೇಡಿ ಯಜಮಾನ್ರೇ. ಆ ತಾಯಿ ಬಂದು ಒಂದ್ಸಲ ತಬ್ಕೊಂಡ್ರೆ ನನ್ನ ಕೂಸು ನನ್ನದಾಗಿ ಉಳಿಯಲ್ಲ.” ಅಪ್ಪ ಮಾತು ಕೊಟ್ಟರು, ಕೊಟ್ಟ ಮಾತು ಉಳಿಸಿಕೊಂಡರು. ಅದೇ ಮನೆಯಲ್ಲಿ, ಅವರ ಪಕ್ಕದಲ್ಲೇ, ಅಮ್ಮ ಕಾದು ಕಾದು ಹೋದಳು. ಇದನ್ನು ಹೇಗೆ ಕ್ಷಮಿಸುವುದೋ ನನಗಿನ್ನೂ ತಿಳಿದಿಲ್ಲ ಅಣ್ಣ.

“ಈಗ ಏನೂ ನೆನಪಿಲ್ಲ” ಎಂದಳು ಹಿಯಾಮ್. “ಒಂದೇ ಒಂದು ಬಿಟ್ಟು. ನನ್ನ ಹೆತ್ತಪ್ಪ ಎಣ್ಣೆ ತರೋಕೆ ನಿಮ್ಮೂರ ಗಾಣಕ್ಕೆ ಕರ್ಕೊಂಡ್ ಬಂದಿದ್ರು. ನಾನು ಗಾಣದ ಹಿಂದೆ ಹೋಗಿ ಒಂದು ಕಲ್ಲಿನ ಮೇಲೆ ಕೂತು ಅಳ್ತಿದ್ದೆ, ಎಬ್ಬಿಸಿದ್ರೂ ಏಳ್ಲಿಲ್ಲ. ಯಾರೋ ಒಬ್ಬ ಹೆಂಗಸು ಬಂದು ಜೇಬಿಂದ ಒಣದ್ರಾಕ್ಷಿ ತೆಗೆದು ಕೊಟ್ರು. ‘ಯಾರ ಮಗಳೇ ನೀನು? ಇಷ್ಟು ಅಳೋಕೆ ಏನಾಯ್ತು?’ ಅಂತ ಕಣ್ಣೊರೆಸಿದ್ರು.”

ಅದು ಅಮ್ಮ. ಜೇಬಿನಲ್ಲಿ ಒಣದ್ರಾಕ್ಷಿ ತುಂಬಿಕೊಂಡು ಓಡಾಡುತ್ತಿದ್ದವಳು ಊರಲ್ಲಿ ಬೇರೆ ಯಾರಿದ್ದರು? ಅವನ ಕಣ್ಣೀರನ್ನು ಅವಳೇ ಒರೆಸಿದಳು, ಒರೆಸಿ ಮನೆಗೆ ಬಂದು ಅವನಿಗಾಗಿ ಕಾಯುತ್ತಾ ಕೂತಳು.

ನಿನ್ನೆ ಲಮಾ, ಚೌಕಗಳಾಗಿಯೇ ಉಳಿದಿದ್ದ ಕಡೆಯ ಸಾಲನ್ನೂ ಬಿಡಿಸಿದಳು. ಅನೀಸನ ಸಮಾಧಿಯ ಸ್ಥಳ: ‘ಗಾಣದ ಹಿಂದಿನ ಒಣಬಾವಿ. ಮಗು ತೋರಿಸಿತು.’ ಹಿಯಾಮ್ ಕೂತು ಅತ್ತದ್ದು ಆ ಬಾವಿಯ ಮುಚ್ಚುಗಲ್ಲಿನ ಮೇಲೆಯೇ. ಅಪ್ಪ ದಿನಾ ಸಂಜೆ ಅದರ ಮೇಲೆ ಒಬ್ಬರೇ ಕೂರುತ್ತಿದ್ದರಲ್ಲ, “ಮನೇಲಿ ಕುರ್ಚಿ ಇಲ್ವೇನ್ರೀ? ಆ ಕಲ್ಲೇನು ನಿಮ್ಮ ಎರಡನೇ ಹೆಂಡ್ತಿನಾ?” ಎಂದು ಅಮ್ಮ ರೇಗಿಸುತ್ತಿದ್ದಳು. ಬಾವಿ ತೆಗೆಸಿದರೆ ಹೇಗೆ ಗೊತ್ತಾಯಿತೆಂದು ಅಮ್ಮ ಕೇಳದೆ ಬಿಡುತ್ತಿದ್ದಳೇ? ಅದಕ್ಕೇ ತೆಗೆಸದೆ ಕಾವಲು ಕೂತರು. ನಾಳೆ ಕಲ್ಲು ಸರಿಸಲು ಹೇಳಿದ್ದೇನೆ. ನನಗೆ ಭಯವಾಗುತ್ತಿದೆ.

ಅತ್ತಿಗೆಗೆ ನನ್ನ ನೆನಪು ತಿಳಿಸು, ಮಕ್ಕಳ ಹಣೆಗೆ ಮುತ್ತು. ದೇವರು ನಿನ್ನನ್ನು ಆ ದೂರದೂರಿನಲ್ಲಿ ಕಾಪಾಡಲಿ.

ನಿನ್ನ ತಂಗಿ,
ವದಾದ್

ಇನ್ನೊಂದು ಮಾತು, ಬುಧವಾರ ಬೆಳಿಗ್ಗೆ: ಕಲ್ಲು ಸರಿಸಿದರು. ಇದ್ದಾನೆ ಅಣ್ಣ. ನೀನು ಅಲ್ಲಿಂದ ಕಳಿಸಿದ್ದ ಬೆಲ್ಟಿನ ಕೊಂಡಿ ಹಾಗೇ ಇದೆ. ಶುಕ್ರವಾರ ಮಣ್ಣು. ಹಿಯಾಮ್ ಫೋನ್ ಮಾಡಿ, “ನಾನೂ ಬರ್ಲಾ ಅಕ್ಕ?” ಎಂದಳು, ಬಾ ಎಂದುಬಿಟ್ಟೆ. ಹೆಂಗಸರೆಲ್ಲ ಶವಪೆಟ್ಟಿಗೆಯ ಸುತ್ತ ಕೂರುತ್ತಾರೆ. ಅವಳನ್ನು ಎಲ್ಲಿ ಕೂರಿಸಲಿ? ಮನೆಗೆ ಹಿರಿಯ ನೀನು, ಬೇಗ ಹೇಳು.