ವಾಯೋಲಾ ಹೊದ್ದ ಚಾಪೆ

ಅಪಿಯಾ, ಸಮೋವಾ
೧೪ ಆಗಸ್ಟ್ ೧೯೯೮

ನನ್ನ ಬಂಗಾರ ಪೆನೀನಾ,

ಹೇಗಿದ್ದೀಯೇ? ಆಕ್ಲೆಂಡಿನ ಚಳಿ ನಿನಗೆ ಆಗಿಬರಲ್ಲ ಅಂತ ಗೊತ್ತು. ಮಲಗೋ ಮುಂಚೆ ಎದೆಗೆ ಕೊಬ್ಬರಿ ಎಣ್ಣೆ ತಿಕ್ಕಿಕೋ. ಡಾಕ್ಟರಿಗೇ ಅಜ್ಜಿ ಬುದ್ಧಿ ಹೇಳ್ತಾಳೆ ಅಂತ ಮೂತಿ ತಿರುವಬೇಡ, ನಿಮ್ಮಮ್ಮನಿಗೂ ಹೇಳ್ತೀನಿ, ಅವಳೂ ಹಾಗೇ ತಿರುವುತ್ತಾಳೆ. ನನ್ನ ಮಂಡಿ ಇದ್ದ ಹಾಗೇ ಇದೆ. ಕಣ್ಣು ಮಾತ್ರ ಸೂಜಿಗೆ ದಾರ ಪೋಣಿಸೋಕೆ ಒಲ್ಲೆ ಅನ್ನುತ್ತೆ. ಎಂಬತ್ತನಾಲ್ಕು ವರ್ಷಕ್ಕೆ ಇಷ್ಟಾದರೂ ಉಳಿದಿದೆಯಲ್ಲ, ದೇವರು ದೊಡ್ಡವನು.

ಹೋದ ಶನಿವಾರ ದೊಡ್ಡಾಸ್ಪತ್ರೆಯ ಅಂಗಳದಲ್ಲಿ ನಿಮ್ಮಮ್ಮನಿಗೆ ಬೀಳ್ಕೊಡುಗೆ ಆಯಿತು. ಮೂರು ಹಂದಿ ಸುಟ್ಟಿದ್ದರು, ತೆಂಗಿನ ಹಾಲಲ್ಲಿ ಬೇಯಿಸಿದ ಕೆಸುವಿನೆಲೆ ಬುಟ್ಟಿಗಟ್ಟಲೆ. ಪಾದ್ರಿಗಳ ಪ್ರಾರ್ಥನೆ ಮುಗಿಯೋದರೊಳಗೆ ಹಂದಿ ಆರಿಹೋಯಿತು ಅಂತ ಎಲ್ಲರೂ ಗೊಣಗಿದರು, ಆಮೇಲೆ ಒಂದು ಚೂರೂ ಉಳಿಸಲಿಲ್ಲ. ನಿಮ್ಮಮ್ಮ ಕಲಿಸಿದ ಹನ್ನೊಂದು ಸರ್ಜನ್‌ಗಳಲ್ಲಿ ಹತ್ತು ಜನ ಬಂದಿದ್ದರು. ಹನ್ನೊಂದನೆಯವಳು ಯಾರು ಅಂತ ನಾನು ಬಾಯಿಬಿಟ್ಟು ಹೇಳಬೇಕಾ? ಇನ್ನು ಮೇಲೆ ಕಲಿಸೋರು ಯಾರು ಅಂತ ಮಂತ್ರಿಗಳು ಕೇಳಿದರು. ನಿಮ್ಮಮ್ಮ, "ಬರ್ತಾಳೆ," ಅಂದಳು, ಅಷ್ಟೇ. ಎರಡು ವರ್ಷದಿಂದ ನೀನು ಕತ್ತಿ ಮುಟ್ಟಿಲ್ಲ, ಯಾವುದೋ ಕ್ಲಿನಿಕ್ಕಿನಲ್ಲಿ ಕೂತು ನೆಗಡಿಗೆ ಚೀಟಿ ಬರೀತೀಯ ಅಂತ ಅವಳಿಗೂ ಗೊತ್ತು.

ಅವಳನ್ನು ಹೊಗಳಿದ ಭಾಷಣಗಳಲ್ಲಿ ಅರ್ಧಕ್ಕರ್ಧ ತಪ್ಪು. ನಮ್ಮ ವಾಯೋಲಾ ಸುವಾದಲ್ಲಿ ಓದಿ ಡಾಕ್ಟರಾದಳಂತೆ! ಅವಳು ಡಾಕ್ಟರಾಗಿದ್ದು ನಮ್ಮ ಅಡುಗೆಮನೆ ಹಿಂದೆ, ಒಂಬತ್ತನೇ ವಯಸ್ಸಿನಲ್ಲಿ. ನಾಯಿ ಬಗೆದ ಹಂದಿಮರಿಯ ಹೊಟ್ಟೆಯನ್ನು ನನ್ನ ಸೂಜಿಯಲ್ಲೇ ಹೊಲಿದಿದ್ದಳು. ನಾನು ಬೈದೆ. ಮರಿ ಬದುಕಿತು. ಆಮೇಲೆ ಯಾವ ಬಾಯಲ್ಲಿ ಬೈಯಲಿ? ಸುವಾ ಆಯಿತು, ನ್ಯೂಜಿಲೆಂಡ್ ಆಯಿತು, ಅಲ್ಲೇ ಇರು ಅಂತ ಕೈಹಿಡಿದು ಕೇಳಿದರೂ ವಾಪಸು ಬಂದಳು. ಆಗ ಹೆಂಗಸು ಕತ್ತಿ ಹಿಡಿಯೋದನ್ನು ನಮ್ಮ ದ್ವೀಪದಲ್ಲಿ ಯಾರೂ ಕಂಡಿರಲಿಲ್ಲ. ಮೊದಲ ತಿಂಗಳು ಬಂದ ಗಂಡಸರೆಲ್ಲ ಅವಳನ್ನು ನರ್ಸ್ ಅಂದುಕೊಂಡು ನೀರು ಕೇಳಿದರಂತೆ. ನೀರು ಕೊಟ್ಟು, ಆಮೇಲೆ ಮಲಗಿಸಿ ಹರ್ನಿಯಾ ಸರಿಮಾಡಿ ಕಳಿಸಿದಳು.

ಕಲಿಸೋದರಲ್ಲೂ ಅವಳದ್ದೇ ದಾರಿ. ಶನಿವಾರ ಬಂತೆಂದರೆ ಶಿಷ್ಯರ ದಂಡೆಲ್ಲ ನನ್ನ ಜಗಲಿಗೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ನಾನು ಚಾಪೆಗೆ ಸೀಳಿಟ್ಟ ಎಲೆಯ ನೂಲಲ್ಲಿ ಗಂಟು ಹಾಕಬೇಕು. ಹನ್ನೊಂದು ಜನ ಸೇರಿ ನನ್ನ ಎಷ್ಟು ನೂಲು ಹಾಳು ಮಾಡಿದ್ದೀರೋ, ಆ ದೇವರಿಗೇ ಗೊತ್ತು. ನಿನ್ನ ಗಂಟೊಂದನ್ನೇ ನಾನು ಬಿಚ್ಚದೆ ಹಾಗೇ ನೇಯ್ದುಬಿಡುತ್ತಿದ್ದೆ. ಇನ್ನೊಂದು ಪಾಠ, ರೋಗಿಯ ಹತ್ತಿರ ನಿಂತು ಮಾತಾಡಬಾರದು. ಹಿರಿಯರಾದರೆ ಅವರಿಗಿಂತ ತಗ್ಗಿನಲ್ಲಿ, ನೆಲದ ಮೇಲೆ ಕೂರಬೇಕು. ಆ ಪಾಠ ನಿನ್ನಷ್ಟು ಚೆನ್ನಾಗಿ ಇನ್ಯಾರೂ ಕಲಿಯಲಿಲ್ಲ.

ಅದೇ ಮುಳುವಾಯಿತು. ತೆಂಗಿನ ಮರದಿಂದ ಬಿದ್ದ ಆ ಹಿರಿಯ ಮತಾಯಿಯನ್ನು ಹೊತ್ತು ತಂದ ದಿನ ನಿಮ್ಮಮ್ಮ ಆಚೆ ದ್ವೀಪಕ್ಕೆ ಹೋಗಿದ್ದಳು. ಊರಿನ ಯಜಮಾನನ ತಲೆ, ಅದಕ್ಕೆ ಕೈ ಇಡೋದು, ಕೂದಲು ಬೋಳಿಸೋದು ಅಂದರೆ ಸಾಮಾನ್ಯವೇ? ಮನೆಯ ಹಿರಿಯರೆಲ್ಲ ಸೇರಿ ಒಪ್ಪಲಿ ಅಂತ ನೀನು ನೆಲದ ಮೇಲೆ ತಲೆ ತಗ್ಗಿಸಿ ಕೂತು ಕಾದೆ. ಅವರು ಸೇರಿ ಮಾತಾಡಿ ಹೂಂ ಅನ್ನೋದರೊಳಗೆ ಎರಡು ಗಂಟೆ ಕಳೆದಿತ್ತು, ತಲೆಯೊಳಗೆ ರಕ್ತ ತುಂಬಿ ಜೀವ ಹೋಗಿತ್ತು. ನೀನು ಮೂರನೇ ದಿನ ವಿಮಾನ ಹತ್ತಿದೆ. ನಾನು ಬೈಯಲಿಲ್ಲ, ಈಗಲೂ ಬೈಯೋದಿಲ್ಲ.

ಆದರೆ ಆಮೇಲೆ ಏನಾಯಿತು ಅಂತ ನಿನಗೆ ಹೇಳಕೂಡದು ಅಂತ ನಿಮ್ಮಮ್ಮ ನನ್ನಿಂದ ಮಾತು ತಗೊಂಡಿದ್ದಳು. ಅಲ್ಲಿ ಚರ್ಚಿನಲ್ಲಿ ಯಾರಾದರೂ ಉಪ್ಪುಖಾರ ಹಚ್ಚಿ ಹೇಳಿರಬಹುದು. ಇದ್ದದ್ದು ಇದ್ದ ಹಾಗೆ ನಾನು ಹೇಳ್ತೀನಿ. ಮಾತು ಮುರಿದ ಪಾಪ ನನಗೇ ಇರಲಿ.

ಮುಂದಿನ ಸೋಮವಾರ ಬೆಳಕು ಹರಿಯುವಾಗ ಅವಳು ಆ ಮತಾಯಿಯ ಮನೆಯಂಗಳಕ್ಕೆ ಹೋಗಿ ಕೂತಳು. ನಮ್ಮ ಮನೆತನದ ಮತಾಯಿ ಪಟ್ಟ ಅವಳದ್ದೇ ತಾನೆ, ತಪ್ಪೊಪ್ಪಿಕೊಂಡು ಕೂರೋಳೂ ಅವಳೇ. ತಲೆಯ ಮೇಲೆ ಹೊದ್ದದ್ದು ಯಾವ ಚಾಪೆ ಗೊತ್ತಾ? ಅವಳು ಸುವಾಕ್ಕೆ ಹೊರಟಾಗ ನಾನು ನೇಯೋಕೆ ಶುರುಮಾಡಿ, ಓದು ಮುಗಿಸಿ ಬರೋ ಹೊತ್ತಿಗೆ ಮುಗಿಸಿದ್ದ ಚಾಪೆ. ರೇಷ್ಮೆಯಷ್ಟು ನಯ, ಅಂಚಿಗೆ ಕೆಂಪು ಗರಿ. ನಾನೂ ಅವಳ ಹಿಂದೆ ಕೂತೆ. ಮನೆಯವರು ಬಂದು ಚಾಪೆ ಎತ್ತಿದರೆ ಕ್ಷಮಿಸಿದ ಹಾಗೆ, ಎತ್ತದೆ ಕಲ್ಲು ಹೊಡೆದರೂ ನಾವು ತುಟಿಪಿಟಕ್ಕೆನ್ನೋ ಹಾಗಿಲ್ಲ. ಬಿಸಿಲೇರಿತು. ಆ ಮನೆಯ ಗಂಡುಮಕ್ಕಳು ಕಂಬಕ್ಕೊರಗಿ ನೋಡುತ್ತಿದ್ದರು. ಇಡೀ ಊರು ಬೇಲಿಯಾಚೆ. ನಲವತ್ತು ವರ್ಷ ಎಲ್ಲರ ಕಡೆಯಿಂದ ಕೈ ಮುಗಿಸಿಕೊಂಡವಳು ಮಣ್ಣಲ್ಲಿ ತಲೆ ಬಗ್ಗಿಸಿ ಕೂತಿದ್ದಳು. ನನಗೆ ನಾಚಿಕೆಯಾಗಲಿಲ್ಲ ಕಣೇ. ಇವಳು ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಅಂತ ಅವತ್ತು ಅನ್ನಿಸಿದಷ್ಟು ಹೆಮ್ಮೆ ಶನಿವಾರದ ಯಾವ ಭಾಷಣದಲ್ಲೂ ಅನ್ನಿಸಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಸತ್ತವರ ಹೆಂಡತಿ ಲೋಸಾ ಹೊರಗೆ ಬಂದಳು. ಚಾಪೆ ಎತ್ತುವ ಮೊದಲು ಒಂದೇ ಪ್ರಶ್ನೆ ಕೇಳಿದಳು, ತಪ್ಪು ಮಾಡಿದ್ದು ಆ ಹುಡುಗಿ, ನೀವ್ಯಾಕೆ ಕೂತಿರಿ ಅಂತ. ಚಾಪೆಯೊಳಗಿಂದಲೇ ನಿಮ್ಮಮ್ಮ ಹೇಳಿದಳು, "ಹಿರಿಯರೆದುರು ತಗ್ಗಿ ಕೂರೋದನ್ನ ಅವಳಿಗೆ ನಾನು ಕಲಿಸಿದೆ ತಾಯಿ. ಯಾವಾಗ ಎದ್ದು ನಿಲ್ಲಬೇಕು ಅಂತ ಕಲಿಸಲಿಲ್ಲ. ತಪ್ಪು ನಂದು." ಲೋಸಾ ಚಾಪೆ ಎತ್ತಿ, ಪದ್ಧತಿಯಂತೆ ತಾನೇ ಇಟ್ಟುಕೊಂಡಳು. ಇಬ್ಬರೂ ಕೂತು ಅತ್ತರು, ನಾನೂ ಅತ್ತೆ.

ಅಷ್ಟಕ್ಕೇ ಬಿಟ್ಟಳೇ ನಿಮ್ಮಮ್ಮ? ಎರಡೂ ದ್ವೀಪದ ಹಳ್ಳಿಹಳ್ಳಿಗೆ ಹೋಗಿ ಮತಾಯಿಗಳ ಸಭೆಯಲ್ಲಿ ಕೂತು, ಪೆಟ್ಟುಬಿದ್ದು ಬಂದವರ ತಲೆಗೆ ಡಾಕ್ಟರು ಯಾರನ್ನೂ ಕೇಳದೆ ಕೈ ಇಡಬಹುದು ಅಂತ ಮುಂಚಿತವಾಗಿಯೇ ಒಪ್ಪಿಗೆ ತಗೊಂಡು ಬಂದಳು. ಮೊದಲು ಒಪ್ಪಿದ್ದು ಲೋಸಾಳ ಊರು. ಈ ವರ್ಷ ಹಾಗೆ ಬಂದ ಆರು ಜನರಲ್ಲಿ ಐದು ಜನ ಕಾಲ್ನಡಿಗೆಯಲ್ಲಿ ಮನೆಗೆ ಹೋದರು. ಇದನ್ನು ಯಾವ ಭಾಷಣಕಾರನೂ ಹೇಳಲಿಲ್ಲ ನೋಡು, ಅದಕ್ಕೇ ನಾನು ಬರೆದೆ.

ನಾಳೆ ಹೊರಡೋ ನಿನ್ನ ಚಿಕ್ಕಪ್ಪನ ಮಗ ತಾವಿತಾ ಕೈಯಲ್ಲಿ ಇದನ್ನು ಕಳಿಸ್ತಿದ್ದೀನಿ, ಜೊತೆಗೆ ಕೋಕೋ ಉಂಡೆ ಇದೆ. ದಾರಿಯಲ್ಲಿ ಅವನೇ ಮುಕ್ಕಿರುತ್ತಾನೆ, ಎಣಿಸಿ ತಗೋ. ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನ ಎರಡೂ ಕೈಗಳನ್ನು ಕಾಯಲಿ.

ನಿನ್ನ ಅಜ್ಜಿ,
ಸಿಯೇನಿ

ಮರೆತಿದ್ದೆ: ಲೋಸಾ ಮೊನ್ನೆಯಿಂದ ನಮ್ಮನೆಯಲ್ಲೇ ಇದ್ದಾಳೆ. ಪಿತ್ತಕೋಶದಲ್ಲಿ ಕಲ್ಲಾಗಿದೆ, ತೆಗೆಯಲೇಬೇಕು. ನಿಮ್ಮಮ್ಮ ತಾನೇ ಮಾಡ್ತೀನಿ ಅಂದರೆ ಒಲ್ಲೆ ಅಂತಾಳೆ. "ನಿಮ್ಮ ಕೈ ಚಿನ್ನ ಡಾಕ್ಟರಮ್ಮ, ಆದರೆ ನಾನು ಚಾಪೆ ಎತ್ತಿದ್ದು ಆ ಹುಡುಗಿ ಮೇಲಿಂದ. ಅವಳೇ ಬರಲಿ," ಅಂತಾಳೆ. ಆ ಚಾಪೆಯನ್ನೂ ನಿನಗೆ ಕೊಡೋಕೆ ತಂದಿದ್ದಾಳೆ. ನೋವು ಬಂದಾಗ ಹಲ್ಲುಕಚ್ಚಿ ನನ್ನ ಪಕ್ಕ ಕೂರ್ತಾಳೆ, ವಿಮಾನದ ಸದ್ದಾದರೆ ತಲೆ ಎತ್ತಿ ನೋಡ್ತಾಳೆ. ಆ ಮನೆಯವರನ್ನು ಒಂದು ಸಲ ಕಾಯಿಸಿದ್ದೀಯ ಮಗಳೇ. ಇನ್ನೊಂದು ಸಲ ಕಾಯಿಸಬೇಡ.