ಮಗಳಿಗೆ ಅಂಟಿಸಿದ ಬಿಲ್ಲೆ

ಹದಿನಾಲ್ಕನೇ ತಾರೀಕು, ಮಂಗಳವಾರ.

ಹೆಬ್ಬೆರಳಲ್ಲಿ ಇನ್ನೂ ಅಂಟು ಉಳಿದಿದೆ. ಸೋಪು ಹಾಕಿ ಉಜ್ಜಿದರೂ ಹೋಗಲಿಲ್ಲ.

ಕ್ಯಾನ್ಸರ್ ಅಂತ ಮಗಳ ಎಡ ಮೊಲೆ ತೆಗೆದು, ಹೊಟ್ಟೆಯ ಮಾಂಸದಿಂದ ಹೊಸದು ಕಟ್ಟಿ ಆರು ತಿಂಗಳಾಯಿತು. ಈಗ ಅದಕ್ಕೊಂದು ತೊಟ್ಟು ಬೇಕು. ಅಲ್ಲಿನ ಚರ್ಮವನ್ನೇ ಕತ್ತರಿಸಿ, ಎತ್ತಿ, ಸುತ್ತಿ ಹೊಲಿಯುತ್ತಾರಂತೆ. ಆಮೇಲೆ ಕುಗ್ಗುತ್ತದೆ ಅಂತ ಮೊದಲೇ ಒಂದಿಷ್ಟು ದೊಡ್ಡದು ಮಾಡುತ್ತಾರಂತೆ. ಬಣ್ಣಕ್ಕೆ ಹಚ್ಚೆ.

"ಬಟ್ಟೆ ಕುಗ್ಗುತ್ತೆ ಅಂತ ನಾನೂ ಹಾಗೇ ಬಿಟ್ಟು ಹೊಲೀತೀನಿ. ನಿಮ್ದೂ ದರ್ಜಿ ಕೆಲಸಾನೇ ಬಿಡಿ ಡಾಕ್ಟ್ರಮ್ಮ," ಅಂದೆ. ಆಕೆ ನಕ್ಕು ಒಂದು ದುಂಡು ಅಂಟುಬಿಲ್ಲೆ ಕೊಟ್ಟರು. ಕನ್ನಡಿ ಮುಂದೆ ನಿಂತು, ತೊಟ್ಟು ಎಲ್ಲಿ ಬೇಕೋ ಅಲ್ಲಿ ಅಂಟಿಸಿಕೊಂಡು ಬರಬೇಕಂತೆ.

ಸಂಜೆ ಮೊಮ್ಮಗಳನ್ನು ಆಚೆ ಕಳಿಸಿ ಬಾಗಿಲು ಹಾಕಿದೆ. ಮಗಳು ಕಣ್ಣು ಮುಚ್ಚಿ ನಿಂತಳು. "ನಂಗೆ ನೋಡೋಕಾಗಲ್ಲ, ನೀನೇ ಅಂಟಿಸಮ್ಮ. ಊರೋರ ರವಿಕೆಗೆಲ್ಲ ಅಳತೆ ಹಿಡಿದಿದ್ದೀಯಲ್ಲ."

"ನಲವತ್ತೈದಾಯ್ತು, ಯಾರಿಗೆ ತೋರ್ಸೋಕೆ ಇದು?" ಅಂದುಬಿಟ್ಟೆ. ನನ್ನ ಬಾಯಿಗಿಷ್ಟು ಬೆಂಕಿ ಹಾಕ.

"ನಂಗೇ ಕಣಮ್ಮ," ಅಂದಳು.

ಭುಜದಿಂದ ಟೇಪು ಇಳಿಬಿಟ್ಟು, ಬಲಗಡೆ ಎಷ್ಟಿದೆಯೋ ಅಷ್ಟನ್ನೇ ಎಡಗಡೆಗೂ ಅಳೆದೆ. ತಪ್ಪಿತು. ಆಪರೇಷನ್ ಆದ ಕಡೆ ಭುಜ ಒಂದು ಬೆರಳು ಮೇಲೆ ನಿಂತಿದೆ. ಟೇಪು ಬಿಸಾಕಿ, ಹಿಂದೆ ಸರಿದು, ಕಣ್ಣಲ್ಲೇ ಅಳೆದು ಬಿಲ್ಲೆ ಒತ್ತಿದೆ. ಗಟ್ಟಿಯಾಗಿಯೇ ಒತ್ತಿದೆ.

ಕಣ್ಣು ತೆರೆಯದೆ ಕೇಳಿದಳು: "ಎಷ್ಟೊತ್ತಮ್ಮ, ಅಂಟಿಸ್ತೀಯೋ ಇಲ್ವೋ?"

ಹೆಬ್ಬೆರಳು ಬಿಲ್ಲೆಯ ಮೇಲೇ ಇತ್ತು. ಒತ್ತಿದ್ದೇ ಅವಳಿಗೆ ತಿಳಿದಿಲ್ಲ.

"ಇರೇ, ಇನ್ನೂ ಅಳೀತಿದೀನಿ," ಅಂದೆ. ಬೆರಳು ತೆಗೆಯಲು ಮನಸ್ಸು ಬರಲಿಲ್ಲ.