ಉಬ್ಬಿದ ಹಿಟ್ಟು

ಮಹಾಬಲೇಶ್ವರ ಅಂಕಲ್ ಅವರಿಗೆ, ನಿಮ್ಮ ಹಳ್ಳಿಮನೆಯ ಬಾಡಿಗೆದಾರ ಸಂದೀಪನ ನಮಸ್ಕಾರಗಳು.

ಒಂದು ಕೊಲೆಯನ್ನು ಒಪ್ಪಿಕೊಳ್ಳಲು ಈ ಪತ್ರ. ಮನೆಯೊಂದಿಗೆ ನೀವು ಕೊಟ್ಟಿದ್ದ ಎಲೆಕ್ಟ್ರಿಕ್ ಬ್ಲಾಂಕೆಟ್ ನಿನ್ನೆ ನನ್ನ ಕೈಯಲ್ಲಿ ತೀರಿಕೊಂಡಿತು. ದೋಸೆಹಿಟ್ಟಿನ ಪಾತ್ರೆಯನ್ನು ಮಗಳು ಕವನಾಳ ಮಂಚದ ಮೇಲಿಟ್ಟು, ಅದಕ್ಕೆ ಬ್ಲಾಂಕೆಟ್ ಸುತ್ತಿ ಸ್ವಿಚ್ ಹಾಕಿದ್ದೆ. ಹಿಟ್ಟು ಉಕ್ಕಿ ವೈರಿನೊಳಗೆಲ್ಲ ಇಳಿಯಿತು.

ಆದರೂ ಗೆದ್ದವನು ನಾನೇ. ಜೂನ್ ಪೂರ್ತಿ ಮಾಲವಿಕಾ ರುಬ್ಬಿಟ್ಟ ಹಿಟ್ಟು ಆಸ್ಟ್ರೇಲಿಯಾದ ಈ ಚಳಿಗಾಲಕ್ಕೆ ಒಂದು ದಿನವೂ ಉಬ್ಬಿರಲಿಲ್ಲ. "ಹಿಟ್ಟೇ ಹುಳಿ ಬರದಿರೋ ಊರಲ್ಲಿ ಮಗೂನ ಹೇಗ್ರೀ ಬೆಳೆಸೋದು? ಅಡಿಲೇಡ್‌ನಲ್ಲಿ ಏನ್ ಕಡಿಮೆಯಾಗಿತ್ತು?" ಎನ್ನುತ್ತಿದ್ದಳು. ಇಲ್ಲಿಯ ಗಾಳಿ ಎಷ್ಟು ಶುದ್ಧ ನೋಡು ಎಂದರೆ, "ಹೌದು, ಕಿಟಕಿ ಮುಚ್ಚಿದ್ರೂ ಒಳಗೆ ಬರೋವಷ್ಟು" ಎನ್ನುವಳು. ಈಗ ಹಿಟ್ಟು ಉಬ್ಬಿದೆ. ಹೆಂಡತಿಯ ಕೈಲಾಗದ್ದು ನನ್ನ ಕೈಲಾಗಿದೆ.

ಎರಡು ಕೋರಿಕೆಗಳಿವೆ. ಹೀಟರ್ ರಿಪೇರಿಗೆ ಯಾರನ್ನಾದರೂ ಕಳಿಸಿ. ಮೇ ತಿಂಗಳಲ್ಲಿ ನೀವಾಗಿಯೇ ಕಳಿಸುತ್ತೇನೆಂದಾಗ, "ಬೇಡ ಅಂಕಲ್, ನಮ್ಮನೇಲಿ ಯಾರ್ಗೂ ಚಳಿ ಆಗಲ್ಲ" ಎಂದವನು ನಾನೇ. ರಿಪೇರಿಯಾದ ಮೇಲೆ ಶಾರದಾ ಆಂಟಿ ಮಾಲವಿಕಾಗೆ ಒಂದು ಫೋನ್ ಮಾಡಿ ವಿಷಯ ತಿಳಿಸಲಿ. ಅವರು ಮಾಡಿದರೆ ಎತ್ತುತ್ತಾಳೆ.

ಅವಳೂ ಕವನಾಳೂ ಪರ್ತ್‌ನಲ್ಲಿ, ಅವಳ ಅಕ್ಕನ ಮನೆಯಲ್ಲಿದ್ದಾರೆ. ಹೋಗಿ ಮೂರು ವಾರವಾಯಿತು. ಉಬ್ಬಿದ ಹಿಟ್ಟಿನ ಫೋಟೋ ಕಳಿಸಿದ್ದೆ. ನೋಡಿದ್ದಾಳೆ, ಉತ್ತರ ಬಂದಿಲ್ಲ. ಮೂವರಿಗಾಗುವಷ್ಟು ಹಿಟ್ಟು ಇನ್ನೂ ಪಾತ್ರೆಯಲ್ಲೇ ಇದೆ. ನನಗೆ ದೋಸೆ ಹುಯ್ಯಲು ಬರುವುದಿಲ್ಲ, ಅಂಕಲ್.

ಇಂತಿ ನಿಮ್ಮ ವಿಶ್ವಾಸದ,
ಸಂದೀಪ